ನ್ಯಾನೋ ಎಡಿಟರ್: ಕೆಳಗಿನ ಎರಡು ಸಾಲಿನಲ್ಲಿ ಕಾಣದ ಕೀಗಳು

ಸರ್ವರ್‌ಗೆ ಲಾಗಿನ್ ಆಗಿ ಒಂದು ಕಾನ್ಫಿಗ್ ಫೈಲ್‌ನಲ್ಲಿ ಎರಡು ಸಾಲು ಬದಲಿಸಬೇಕು ಅಂದಾಗ ತುಂಬಾ ಜನ ತೆರೆಯುವುದು ಟರ್ಮಿನಲ್ ಒಳಗೇ ಓಡುವ ಪುಟ್ಟ ಟೆಕ್ಸ್ಟ್ ಎಡಿಟರ್ ನ್ಯಾನೋ. ತೆರೆದ ತಕ್ಷಣ ಟೈಪ್ ಮಾಡಬಹುದು. ಮುಖ್ಯ ಕೀಗಳನ್ನು ಕೆಳಗೆ ಎರಡು ಸಾಲಿನಲ್ಲಿ ಬರೆದೇ ಇಟ್ಟಿರುತ್ತಾರೆ. ಹಾಗಾಗಿ ಏನೂ ಕಲಿಯದೆ ಕೆಲಸ ಮುಗಿಸಿ ಹೊರಗೆ ಬರಬಹುದು. ಆದರೆ ಆ ಎರಡು ಸಾಲು ನೋಡಿ ನ್ಯಾನೋ ಅಂದರೆ ಇಷ್ಟೇ ಅಂದುಕೊಂಡು, ಅಂಡೂ ಇಲ್ಲ, ಒಟ್ಟಿಗೆ ಹತ್ತು ಸಾಲು ಕಾಪಿ ಮಾಡಲು ಆಗಲ್ಲ, ಎರಡು ಫೈಲ್ ಒಟ್ಟಿಗೆ ತೆರೆಯಲು ಆಗಲ್ಲ ಅಂತ ನಂಬಿಕೊಂಡು ವರ್ಷಗಟ್ಟಲೆ ಬಳಸುವವರು ಬಹಳ ಜನ ಇದ್ದಾರೆ. ಇದೆಲ್ಲಾ ನ್ಯಾನೋದಲ್ಲಿ ಇದೆ. ಕೆಳಗಿನ ಪಟ್ಟಿಯಲ್ಲಿ ಜಾಗ ಸಾಲದ್ದಕ್ಕೆ ಕಾಣುವುದಿಲ್ಲ, ಅಷ್ಟೇ.

ಟರ್ಮಿನಲ್‌ನಲ್ಲಿ ದಿನಾ ಕೋಡ್ ಬರೆಯುವವರಿಗೆ ವಿಮ್ ಅಥವಾ ಈಮ್ಯಾಕ್ಸ್‌ನಂಥ ದೊಡ್ಡ ಎಡಿಟರ್ ಕಲಿಯಿರಿ ಅಂತಲೇ ನಾನೂ ಹೇಳುತ್ತೇನೆ. ಆದರೆ ವಾರಕ್ಕೆ ನಾಲ್ಕು ಸಲ ಕಾನ್ಫಿಗ್ ಫೈಲ್ ಮುಟ್ಟುವವರಿಗೆ, ಸಣ್ಣ ಸ್ಕ್ರಿಪ್ಟ್ ಬರೆಯುವವರಿಗೆ, ಕಮಿಟ್ ಮೆಸೇಜ್ ಬರೆಯುವವರಿಗೆ ನ್ಯಾನೋ ಧಾರಾಳವಾಗಿ ಸಾಕು. ಇಪ್ಪತ್ತು ಕೀ ಗೊತ್ತಿರಬೇಕು, ಜೊತೆಗೆ ಒಂದು ಪುಟ್ಟ ಸೆಟ್ಟಿಂಗ್ ಫೈಲ್ ಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡ್‌ಗಳನ್ನೂ ಕೀಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಮಾಡಿ.

ಮೊದಲು ವರ್ಷನ್ ನೋಡಿಕೊಳ್ಳಿ

ನ್ಯಾನೋ ಹುಟ್ಟಿದ್ದು 1999ರಲ್ಲಿ. ಪೈನ್ ಅನ್ನುವ ಈಮೇಲ್ ಪ್ರೋಗ್ರಾಂ ಜೊತೆ ಪಿಕೋ ಅನ್ನುವ ಸಣ್ಣ ಎಡಿಟರ್ ಬರುತ್ತಿತ್ತು. ಅದರ ಲೈಸೆನ್ಸ್ ಮುಕ್ತವಾಗಿರಲಿಲ್ಲ. ಅದೇ ರೀತಿ ಕೆಲಸ ಮಾಡುವ ಮುಕ್ತ ಎಡಿಟರ್ ಬೇಕು ಅಂತ ಕ್ರಿಸ್ ಅಲೆಗ್ರೆಟ್ಟಾ ಇದನ್ನು ಬರೆದರು. 2001ರಲ್ಲಿ ಇದು ಗ್ನೂ ಅನ್ನುವ ಮುಕ್ತ ತಂತ್ರಾಂಶ ಯೋಜನೆಯ ಭಾಗವಾಯಿತು. 2020ರ ಫೆಡೋರಾ 33 ಅನ್ನುವ ಲಿನಕ್ಸ್‌ನಲ್ಲಿ ವಿಐ ಬದಲು ನ್ಯಾನೋವನ್ನೇ ಡಿಫಾಲ್ಟ್ ಎಡಿಟರ್ ಮಾಡಿದರು. ಈ ಇತಿಹಾಸ ಯಾಕೆ ಬೇಕು ಅಂದರೆ, ಮ್ಯಾಕ್‌ನ ಈಚಿನ ವರ್ಷನ್‌ಗಳಲ್ಲಿ ನ್ಯಾನೋ ಅಂತ ಟೈಪ್ ಮಾಡಿದರೂ ಒಳಗೆ ತೆರೆಯುವುದು ಅದೇ ಹಳೆಯ ಪಿಕೋ. ನೋಡಲು ಎರಡೂ ಒಂದೇ ಥರ. ಕೆಳಗೆ ಹೇಳುವ ಅರ್ಧಕ್ಕಿಂತ ಜಾಸ್ತಿ ಕೀಗಳು ಅದರಲ್ಲಿ ಕೆಲಸ ಮಾಡಲ್ಲ. ಮ್ಯಾಕ್ ಬಳಸುವವರು ಹೋಮ್‌ಬ್ರೂ ಮೂಲಕ ನಿಜವಾದ ನ್ಯಾನೋ ಹಾಕಿಕೊಳ್ಳಿ.

ಲಿನಕ್ಸ್‌ನಲ್ಲಿ "ನ್ಯಾನೋ --ವರ್ಷನ್" ಅಂತ ಕೊಟ್ಟು ನೋಡಿ. 4ಕ್ಕಿಂತ ಹಳೆಯದಿದ್ದರೆ ಒಂದು ವಿಷಯ ಗೊತ್ತಿರಲೇಬೇಕು: ಆ ವರ್ಷನ್‌ಗಳು ಉದ್ದ ಸಾಲಿನಲ್ಲಿ ಟೈಪ್ ಮಾಡುತ್ತಾ ಹೋದರೆ ತಾವಾಗಿಯೇ ಸಾಲನ್ನು ಮುರಿದು ಮುಂದಿನ ಸಾಲಿಗೆ ಹಾಕುತ್ತಿದ್ದವು. ಪತ್ರ ಬರೆಯಲು ಅದು ಸರಿ. ಕಾನ್ಫಿಗ್ ಫೈಲ್‌ನಲ್ಲಿ ಒಂದು ಉದ್ದ ಸಾಲು ಎರಡಾದರೆ ಸರ್ವಿಸ್ ಮತ್ತೆ ಏಳುವುದೇ ಇಲ್ಲ. 2019ರಲ್ಲಿ ಬಂದ 4.0ರಲ್ಲಿ ಈ ನಡವಳಿಕೆ ತೆಗೆದರು. ಹಳೆಯ ಸರ್ವರ್‌ನಲ್ಲಿ ಕೆಲಸ ಮಾಡುವವರು ಯಾವಾಗಲೂ "ನ್ಯಾನೋ -ಡಬ್ಲ್ಯೂ" ಅಂತ ಸೇರಿಸಿ ತೆರೆಯಿರಿ.

ಆ ಟೋಪಿ ಗುರುತು ಮತ್ತು ಎಂ

ಕೆಳಗಿನ ಸಾಲುಗಳಲ್ಲಿ ^ ಅಂತ ಇದ್ದರೆ ಕಂಟ್ರೋಲ್ ಕೀ. ಎಂ ಅಕ್ಷರದ ಮುಂದೆ ಅಡ್ಡಗೆರೆ ಇದ್ದರೆ ಆಲ್ಟ್ ಕೀ. ಈ ಎರಡನೆಯದು ಯಾರಿಗೂ ತಾನಾಗಿಯೇ ಹೊಳೆಯುವುದಿಲ್ಲ, ಅದಕ್ಕೇ ನ್ಯಾನೋದ ಒಳ್ಳೊಳ್ಳೆ ಸೌಲಭ್ಯಗಳು ಬಳಕೆಯಾಗದೆ ಉಳಿದಿವೆ ಅಂತ ನನಗನಿಸುತ್ತದೆ, ಯಾಕೆಂದರೆ ಅವುಗಳಲ್ಲಿ ಹೆಚ್ಚಿನವು ಆಲ್ಟ್ ಜೊತೆಗೇ ಇರುವುದು.

ಆಲ್ಟ್ ಒತ್ತಿದರೆ ಟರ್ಮಿನಲ್ ವಿಂಡೋದ ಮೆನು ತೆರೆದುಕೊಳ್ಳುತ್ತದೆಯಾ? ಎಸ್ಕೇಪ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಿ. ಎರಡೂ ಒಂದೇ. ಅಂದರೆ ಆಲ್ಟ್+ಯು ಬದಲು ಎಸ್ಕೇಪ್, ನಂತರ ಯು. ಎಲ್ಲ ಟರ್ಮಿನಲ್‌ನಲ್ಲೂ ಇದು ನಡೆಯುತ್ತದೆ, ಬ್ರೌಸರ್ ಒಳಗಿನ ಟರ್ಮಿನಲ್‌ನಲ್ಲೂ. ಮ್ಯಾಕ್‌ನ ಟರ್ಮಿನಲ್‌ನಲ್ಲಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಆಪ್ಷನ್ ಕೀಯನ್ನು ಮೆಟಾ ಕೀಯಾಗಿ ಬಳಸುವ ಆಯ್ಕೆ ಹಾಕಿಕೊಳ್ಳಿ.

ಅಂಡೂ, ಮತ್ತೆ ಕಟ್-ಪೇಸ್ಟ್‌ನ ಸೂಕ್ಷ್ಮ

ಆಲ್ಟ್+ಯು ಅಂಡೂ. ಆಲ್ಟ್+ಇ ರೀಡೂ. ಉಳಿದ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ. ಫೈಲ್ ತೆರೆದಾಗಿನಿಂದ ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡು ಹೋಗಬಹುದು. ಮುಖ್ಯವಾಗಿ ಕಂಟ್ರೋಲ್+ಜೆ ತಪ್ಪಿ ಒತ್ತಿದಾಗ ಇದು ಬೇಕು. ಆ ಕೀ ಪ್ಯಾರಾದ ಸಾಲುಗಳನ್ನೆಲ್ಲ ಕೂಡಿಸಿ ಒಂದೇ ಅಗಲಕ್ಕೆ ಜೋಡಿಸುತ್ತದೆ, ಕಾನ್ಫಿಗ್ ಫೈಲ್‌ನಲ್ಲಿ ಹತ್ತು ಸಾಲು ಸೇರಿ ಕಲಸುಮೇಲೋಗರ ಆಗಿಬಿಡುತ್ತದೆ. ಗಾಬರಿ ಬೇಡ. ಆಲ್ಟ್+ಯು ಒಮ್ಮೆ ಒತ್ತಿದರೆ ಮೊದಲಿನಂತೆ.

ಕಂಟ್ರೋಲ್+ಕೆ ಇಡೀ ಸಾಲನ್ನು ಕಟ್ ಮಾಡುತ್ತದೆ, ಕಂಟ್ರೋಲ್+ಯು ಪೇಸ್ಟ್ ಮಾಡುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಕಂಟ್ರೋಲ್+ಕೆ ಅನ್ನು ಬಿಡದೆ ಐದು ಸಲ ಒತ್ತಿದರೆ ಐದೂ ಸಾಲುಗಳು ಒಟ್ಟಿಗೆ ಸೇರಿಕೊಳ್ಳುತ್ತವೆ, ಒಂದೇ ಕಂಟ್ರೋಲ್+ಯುನಲ್ಲಿ ಐದೂ ವಾಪಸ್ ಬರುತ್ತವೆ. ಆದರೆ ನಡುವೆ ಕರ್ಸರ್ ಒಂದು ಹೆಜ್ಜೆ ಸರಿದರೂ ಸರಪಳಿ ಕಡಿಯಿತು. ಮುಂದಿನ ಕಟ್ ಹಳೆಯದನ್ನು ಅಳಿಸಿ ಹೊಸದಾಗಿ ಶುರುವಾಗುತ್ತದೆ. "ಕಟ್ ಮಾಡಿದ್ದ ಸಾಲು ಎಲ್ಲಿ ಹೋಯ್ತು" ಅಂತ ಹುಡುಕುವವರ ಸಮಸ್ಯೆ ಹೆಚ್ಚಾಗಿ ಇದೇ.

ಒಂದು ಸಾಲನ್ನು ಡಬಲ್ ಮಾಡಬೇಕಾದರೆ ಕಂಟ್ರೋಲ್+ಕೆ ಒಮ್ಮೆ, ಕಂಟ್ರೋಲ್+ಯು ಎರಡು ಸಲ. ಕಟ್ ಮಾಡದೆ ಸುಮ್ನೆ ಕಾಪಿ ಮಾಡಲು ಆಲ್ಟ್+6. ಸಾಲನ್ನು ಅಳಿಸಬೇಕು, ಆದರೆ ಈಗಾಗಲೇ ಕಟ್ ಮಾಡಿ ಇಟ್ಟುಕೊಂಡಿರುವುದು ಹಾಳಾಗಬಾರದು ಅಂದರೆ ಆಲ್ಟ್+ಡಿಲೀಟ್.

ಬೇಕಾದಷ್ಟನ್ನೇ ಆರಿಸಲು ಆಲ್ಟ್+ಎ. ಅದನ್ನು ಒತ್ತಿದ ಜಾಗದಿಂದ ಕರ್ಸರ್ ಎಲ್ಲಿಗೆ ಹೋಗುತ್ತದೋ ಅಲ್ಲಿಯವರೆಗೆ ಬಣ್ಣ ಬದಲಾಗುತ್ತದೆ. ಈಚಿನ ವರ್ಷನ್‌ಗಳಲ್ಲಿ ಶಿಫ್ಟ್ ಹಿಡಿದು ಬಾಣದ ಕೀ ಒತ್ತಿದರೂ ಆಗುತ್ತದೆ. ಆರಿಸಿದ ಮೇಲೆ ಕಂಟ್ರೋಲ್+ಕೆ, ಆಲ್ಟ್+6 ಎರಡೂ ಆ ಭಾಗಕ್ಕೆ ಮಾತ್ರ ಅನ್ವಯಿಸುತ್ತವೆ. ಟ್ಯಾಬ್ ಒತ್ತಿದರೆ ಆರಿಸಿದ ಸಾಲುಗಳೆಲ್ಲ ಒಳಗೆ ಸರಿಯುತ್ತವೆ, ಶಿಫ್ಟ್+ಟ್ಯಾಬ್ ಒತ್ತಿದರೆ ಹೊರಗೆ. ಆಲ್ಟ್+3 ಒತ್ತಿದರೆ ಅಷ್ಟೂ ಸಾಲುಗಳು ಕಾಮೆಂಟ್ ಆಗುತ್ತವೆ, ಇನ್ನೊಮ್ಮೆ ಒತ್ತಿದರೆ ಕಾಮೆಂಟ್ ಹೋಗುತ್ತದೆ. ಯಾವ ಭಾಷೆಯ ಫೈಲ್ ಅಂತ ಗುರುತಿಸಿ ಅದಕ್ಕೆ ತಕ್ಕ ಕಾಮೆಂಟ್ ಗುರುತನ್ನೇ ಹಾಕುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಒಂದು ಭಾಗವನ್ನು ತಾತ್ಕಾಲಿಕವಾಗಿ ಆಫ್ ಮಾಡಿ ನೋಡಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಒಂದು ಮಿತಿ ಇದೆ. ನ್ಯಾನೋ ಒಳಗೆ ಕಾಪಿ ಮಾಡಿದ್ದು ನ್ಯಾನೋ ಒಳಗೇ ಉಳಿಯುತ್ತದೆ, ಬ್ರೌಸರ್‌ಗೆ ಪೇಸ್ಟ್ ಆಗುವುದಿಲ್ಲ. ಹೊರಗೆ ಒಯ್ಯಬೇಕಾದರೆ ಮೌಸ್‌ನಿಂದ ಆರಿಸಿ ಟರ್ಮಿನಲ್‌ನ ಕಾಪಿ ಬಳಸಿ, ಸಾಮಾನ್ಯವಾಗಿ ಕಂಟ್ರೋಲ್+ಶಿಫ್ಟ್+ಸಿ. ಸಾಲಿನ ನಂಬರ್ ಕಾಣುತ್ತಿದ್ದರೆ ಅವೂ ಕಾಪಿ ಆಗುತ್ತವೆ, ಅದಕ್ಕೆ ಮೊದಲು ಆಲ್ಟ್+ಎನ್ ಒತ್ತಿ ನಂಬರ್ ಮರೆಮಾಡಿ. ನ್ಯಾನೋದಲ್ಲಿ ಮೌಸ್ ಆನ್ ಮಾಡಿದ್ದರೆ ಶಿಫ್ಟ್ ಹಿಡಿದು ಆರಿಸಬೇಕು.

ಹುಡುಕುವುದು, ಬದಲಿಸುವುದು, ಜಿಗಿಯುವುದು

ಕಂಟ್ರೋಲ್+ಡಬ್ಲ್ಯೂ ಒತ್ತಿ, ಪದ ಟೈಪ್ ಮಾಡಿ, ಎಂಟರ್. ಅದೇ ಪದದ ಮುಂದಿನ ಜಾಗಕ್ಕೆ ಆಲ್ಟ್+ಡಬ್ಲ್ಯೂ, ಹಿಂದಿನದಕ್ಕೆ ಆಲ್ಟ್+ಕ್ಯೂ. ಪ್ರತಿ ಸಲ ಪದ ಮತ್ತೆ ಟೈಪ್ ಮಾಡುವ ಅಗತ್ಯ ಇಲ್ಲ. 2024ರಲ್ಲಿ ಬಂದ 8.0ರಿಂದ ಕಂಟ್ರೋಲ್+ಎಫ್ ಕೂಡ ಹುಡುಕುತ್ತದೆ, ಬ್ರೌಸರ್‌ನ ಅಭ್ಯಾಸ ಇರುವವರಿಗೆ ಒಳ್ಳೆಯದಾಯಿತು.

ಹುಡುಕುವ ಸಾಲು ತೆರೆದಿರುವಾಗ ಕೆಳಗಿನ ಕೀ ಪಟ್ಟಿ ಬದಲಾಗುತ್ತದೆ, ಗಮನಿಸಿ. ಅಲ್ಲಿ ಆಲ್ಟ್+ಸಿ ಒತ್ತಿದರೆ ದೊಡ್ಡ ಅಕ್ಷರ ಸಣ್ಣ ಅಕ್ಷರದ ವ್ಯತ್ಯಾಸ ನೋಡುತ್ತದೆ. ಆಲ್ಟ್+ಆರ್ ಒತ್ತಿದರೆ ರೆಗ್ಯುಲರ್ ಎಕ್ಸ್‌ಪ್ರೆಷನ್ (ಪದದ ಬದಲು ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಆನ್ ಆಗುತ್ತದೆ. ಮೇಲಿನ ಬಾಣ ಒತ್ತಿದರೆ ಹಿಂದೆ ಹುಡುಕಿದ ಪದಗಳು ಬರುತ್ತವೆ.

ಬದಲಿಸಲು ಮುಖ್ಯ ಪರದೆಯಲ್ಲೇ ಆಲ್ಟ್+ಆರ್. ಮೊದಲು ಹಳೆಯ ಪದ ಕೇಳುತ್ತದೆ, ಆಮೇಲೆ ಹೊಸದು. ನಂತರ ಒಂದೊಂದು ಜಾಗದಲ್ಲೂ ನಿಂತು ಕೇಳುತ್ತದೆ: ವೈ ಅಂದರೆ ಬದಲಿಸು, ಎನ್ ಅಂದರೆ ಬಿಡು, ಎ ಅಂದರೆ ಉಳಿದದ್ದೆಲ್ಲ ಬದಲಿಸು. ಮೊದಲ ಎರಡು ಮೂರು ಜಾಗಗಳಿಗೆ ವೈ ಕೊಟ್ಟು, ಸರಿಯಾಗಿ ಹೋಗುತ್ತಿದೆ ಅಂತ ನೋಡಿಕೊಂಡು ಆಮೇಲೆ ಎ ಕೊಡುವುದು ಒಳ್ಳೆಯ ರೂಢಿ. ಇನ್ನೂ ಒಳ್ಳೆಯದು ಏನು ಗೊತ್ತಾ? ಮೊದಲೇ ಒಂದು ಭಾಗ ಆರಿಸಿಕೊಂಡು ಆಲ್ಟ್+ಆರ್ ಒತ್ತಿದರೆ ಆ ಭಾಗದೊಳಗೆ ಮಾತ್ರ ಬದಲಾವಣೆ. ಒಂದೇ ಫೈಲ್‌ನಲ್ಲಿ ನಾಲ್ಕು ಸೈಟ್‌ಗಳ ಸೆಟ್ಟಿಂಗ್ ಇದ್ದು, ಒಂದರ ಪೋರ್ಟ್ ಮಾತ್ರ ಬದಲಿಸಬೇಕಾದಾಗ ಇದು ಕಾಪಾಡುತ್ತದೆ.

ರೆಗ್ಯುಲರ್ ಎಕ್ಸ್‌ಪ್ರೆಷನ್ ಗೊತ್ತಿರುವವರಿಗೆ: ಬ್ರ್ಯಾಕೆಟ್ ಹಾಕಿ ಹಿಡಿದದ್ದನ್ನು ಹೊಸ ಪದದಲ್ಲಿ \1, \2 ಅಂತ ಬಳಸಬಹುದು. (.*)=(.*) ಅಂತ ಹುಡುಕಿ \2=\1 ಅಂತ ಬದಲಿಸಿದರೆ ಸಮ ಚಿಹ್ನೆಯ ಎಡ ಬಲ ಅದಲುಬದಲು ಆಗುತ್ತದೆ. ಆದರೆ ಹುಡುಕಾಟ ಒಂದು ಸಾಲಿನೊಳಗೇ ನಡೆಯುತ್ತದೆ. ಎರಡು ಸಾಲುಗಳಿಗೆ ಹರಡಿದ್ದನ್ನು ಹಿಡಿಯಲು ಆಗುವುದಿಲ್ಲ.

ಎರರ್ ಮೆಸೇಜ್‌ನಲ್ಲಿ 120ನೇ ಸಾಲು ಅಂತ ಬಂದರೆ ಆಲ್ಟ್+ಜಿ ಒತ್ತಿ 120 ಕೊಡಿ. "120,15" ಅಂತ ಕೊಟ್ಟರೆ ಆ ಸಾಲಿನ 15ನೇ ಕಾಲಂಗೆ ಹೋಗುತ್ತದೆ. ತೆರೆಯುವಾಗಲೇ "ನ್ಯಾನೋ +120 ಫೈಲ್‌ಹೆಸರು" ಅಂತಲೂ ಕೊಡಬಹುದು. ಫೈಲ್‌ನ ತಲೆಗೆ ಆಲ್ಟ್+\, ಬುಡಕ್ಕೆ ಆಲ್ಟ್+/. ಬ್ರ್ಯಾಕೆಟ್ ಮೇಲೆ ಕರ್ಸರ್ ಇಟ್ಟು ಆಲ್ಟ್+] ಒತ್ತಿದರೆ ಅದರ ಜೋಡಿಗೆ ಜಿಗಿಯುತ್ತದೆ, ಮುಚ್ಚದೆ ಬಿಟ್ಟ ಬ್ರ್ಯಾಕೆಟ್ ಹುಡುಕಲು ಬಹಳ ಸಹಾಯ.

5.0ರಿಂದ ಇನ್ನೊಂದು ಇದೆ. ಆಲ್ಟ್+ಇನ್ಸರ್ಟ್ ಒತ್ತಿದರೆ ಆ ಸಾಲಿಗೆ ಗುರುತು ಬೀಳುತ್ತದೆ. ಆಲ್ಟ್+ಪೇಜ್‌ಅಪ್, ಆಲ್ಟ್+ಪೇಜ್‌ಡೌನ್ ಒತ್ತಿ ಗುರುತಿಂದ ಗುರುತಿಗೆ ಹೋಗಬಹುದು. ಉದ್ದ ಫೈಲ್‌ನಲ್ಲಿ ಮೇಲೊಂದು ಕೆಳಗೊಂದು ಜಾಗ ನೋಡುತ್ತಾ ಕೆಲಸ ಮಾಡುವವರು ಒಮ್ಮೆ ಬಳಸಿದರೆ ಬಿಡುವುದಿಲ್ಲ.

ಕಂಟ್ರೋಲ್+ಟಿ: ಇಡೀ ಯುನಿಕ್ಸ್ ನಿಮ್ಮ ಕೈಗೆ

ನ್ಯಾನೋದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಕಂಟ್ರೋಲ್+ಟಿ ಒತ್ತಿದರೆ ಕಮಾಂಡ್ ಕೇಳುತ್ತದೆ. (5.0ಕ್ಕಿಂತ ಹಳೆಯದರಲ್ಲಿ ಇದೇ ಕೀ ಸ್ಪೆಲ್ಲಿಂಗ್ ನೋಡುತ್ತಿತ್ತು.) ಅಲ್ಲಿ "ಡೇಟ್" ಅಂತ ಕೊಟ್ಟು ಎಂಟರ್ ಒತ್ತಿದರೆ ಇವತ್ತಿನ ದಿನಾಂಕ ಸಮಯ ಕರ್ಸರ್ ಇರುವ ಜಾಗದಲ್ಲಿ ಬಂದು ಕೂರುತ್ತದೆ. "ಎಲ್‌ಎಸ್" ಕೊಟ್ಟರೆ ಫೈಲ್‌ಗಳ ಪಟ್ಟಿ. ಶೆಲ್‌ನಲ್ಲಿ ಓಡುವ ಯಾವ ಕಮಾಂಡ್‌ನ ಔಟ್‌ಪುಟ್ ಬೇಕಾದರೂ ಹೀಗೆ ಒಳಗೆ ತರಬಹುದು.

ಅದಕ್ಕಿಂತ ದೊಡ್ಡದು ಪೈಪ್. ಕಮಾಂಡ್‌ನ ಮೊದಲಿಗೆ | ಗುರುತು ಹಾಕಿದರೆ, ನೀವು ಆರಿಸಿದ ಭಾಗ ಆ ಕಮಾಂಡ್‌ಗೆ ಇನ್‌ಪುಟ್ ಆಗಿ ಹೋಗುತ್ತದೆ, ಬಂದ ಔಟ್‌ಪುಟ್ ಆ ಭಾಗದ ಜಾಗಕ್ಕೆ ಬರುತ್ತದೆ. ಏನೂ ಆರಿಸಿಲ್ಲದಿದ್ದರೆ ಇಡೀ ಫೈಲ್ ಹೋಗುತ್ತದೆ. ಉದಾಹರಣೆಗೆ ಇಪ್ಪತ್ತು ಹೆಸರುಗಳ ಪಟ್ಟಿ ಆರಿಸಿ, ಕಂಟ್ರೋಲ್+ಟಿ ಒತ್ತಿ, "|ಸಾರ್ಟ್" ಅಂತ ಕೊಡಿ. ಅಕಾರಾದಿಯಾಗಿ ಜೋಡಣೆ ಆಯಿತು. "|ಸಾರ್ಟ್ -ಯು" ಕೊಟ್ಟರೆ ಜೊತೆಗೆ ಎರಡೆರಡು ಸಲ ಬಂದವುಗಳೂ ಹೋದವು. ವಕ್ರವಕ್ರವಾಗಿರುವ ಕಾಲಂಗಳನ್ನು ನೇರ ಮಾಡಲು "|ಕಾಲಂ -ಟಿ". ಒಂದೇ ಸಾಲಿನಲ್ಲಿ ಮುದ್ದೆಯಾಗಿ ಬಂದ ಜೇಸಾನ್ ಇದ್ದರೆ "|ಪೈಥಾನ್3 -ಎಂ ಜೇಸಾನ್.ಟೂಲ್" ಕೊಡಿ, ಓದುವ ಹಾಗೆ ಬಿಡಿಸಿ ಕೊಡುತ್ತದೆ. ಸೆಡ್, ಆಕ್, ಗ್ರೆಪ್ ಎಲ್ಲವೂ ಇಲ್ಲಿ ನಡೆಯುತ್ತದೆ. ಫಲಿತಾಂಶ ಇಷ್ಟವಾಗಲಿಲ್ಲವಾ, ಅಥವಾ ಕಮಾಂಡ್ ತಪ್ಪಾಗಿ ಆ ಜಾಗದಲ್ಲಿ ಏನೋ ವಿಚಿತ್ರ ಬಂತಾ, ಆಲ್ಟ್+ಯು.

ಎಡಿಟರ್ ಸಣ್ಣದು ಅನ್ನುವ ದೂರಿಗೆ ಇದೇ ಉತ್ತರ. ಸಾರ್ಟ್ ಮಾಡುವ ಪ್ರೋಗ್ರಾಂ ಹೊರಗೆ ಇರುವಾಗ ಅದನ್ನೇ ಎಡಿಟರ್ ಒಳಗೆ ಮತ್ತೆ ಬರೆಯಬೇಕಾಗಿಲ್ಲ, ಅಲ್ವಾ.

ಒಂದೇ ಕೆಲಸವನ್ನು ಸಾಲುಸಾಲಿಗೂ ಮಾಡಬೇಕಾಗಿದ್ದು, ಅದಕ್ಕೆ ಕಮಾಂಡ್ ಹೊಳೆಯದಿದ್ದರೆ ಮ್ಯಾಕ್ರೋ ಇದೆ. ಆಲ್ಟ್+: ಒತ್ತಿ ರೆಕಾರ್ಡಿಂಗ್ ಶುರು ಮಾಡಿ, ಒಂದು ಸಾಲಿಗೆ ಬೇಕಾದ ಕೀಗಳನ್ನೆಲ್ಲ ಒತ್ತಿ, ಕೊನೆಗೆ ಮುಂದಿನ ಸಾಲಿನ ಮೊದಲಿಗೆ ಬಂದು ನಿಂತು, ಮತ್ತೆ ಆಲ್ಟ್+: ಒತ್ತಿ ನಿಲ್ಲಿಸಿ. ಇನ್ನು ಆಲ್ಟ್+; ಒತ್ತಿದಷ್ಟು ಸಲ ಅದೇ ಕೆಲಸ ಮುಂದಿನ ಸಾಲುಗಳಿಗೆ ಆಗುತ್ತಾ ಹೋಗುತ್ತದೆ. ಮುಂದಿನ ಸಾಲಿನ ಮೊದಲಿಗೆ ಬರುವ ಹೆಜ್ಜೆಯನ್ನೂ ರೆಕಾರ್ಡ್ ಒಳಗೇ ಸೇರಿಸುವುದು ಮುಖ್ಯ, ಅದಿಲ್ಲದಿದ್ದರೆ ಒಂದೇ ಸಾಲಿನ ಮೇಲೆ ಸುತ್ತುತ್ತಿರುತ್ತದೆ.

ಎರಡು ಮೂರು ಫೈಲ್ ಒಟ್ಟಿಗೆ

"ನ್ಯಾನೋ" ಆದ ಮೇಲೆ ಫೈಲ್ ಹೆಸರುಗಳನ್ನು ಸಾಲಾಗಿ ಕೊಡಿ, ಎಲ್ಲವೂ ತೆರೆಯುತ್ತವೆ. ಆಲ್ಟ್+> ಮುಂದಿನ ಫೈಲ್, ಆಲ್ಟ್+< ಹಿಂದಿನದು. ಒಂದರಲ್ಲಿ ಕಟ್ ಮಾಡಿ ಇನ್ನೊಂದರಲ್ಲಿ ಪೇಸ್ಟ್ ಮಾಡಬಹುದು. ಕಂಟ್ರೋಲ್+ಎಕ್ಸ್ ಒತ್ತಿದರೆ ಮುಂದಿರುವ ಫೈಲ್ ಮಾತ್ರ ಮುಚ್ಚುತ್ತದೆ. ಕಂಟ್ರೋಲ್+ಆರ್ ಬೇರೆ ಫೈಲ್‌ನ ವಿಷಯವನ್ನು ಇಲ್ಲಿಗೆ ತಂದು ಸೇರಿಸುತ್ತದೆ. ಸೇರಿಸುವ ಬದಲು ಬೇರೆಯಾಗಿ ತೆರೆಯಬೇಕಿದ್ದರೆ ಹೆಸರು ಕೇಳುವಾಗ ಆಲ್ಟ್+ಎಫ್ ಒತ್ತಿ. ಬರೀ ಓದಲು "ನ್ಯಾನೋ -ವಿ", ಅಕಸ್ಮಾತ್ ಏನೂ ಬದಲಾಗುವುದಿಲ್ಲ.

ವಿಂಡೋಸ್‌ನಿಂದ ಬಂದ ಫೈಲ್, ಟ್ಯಾಬ್, ಸ್ಪೇಸ್

ಸ್ಕ್ರಿಪ್ಟ್ ನೋಡಲು ಸರಿಯಾಗೇ ಇದೆ, ಓಡಿಸಿದರೆ ಇಂಟರ್‌ಪ್ರಿಟರ್ ಸಿಗುತ್ತಿಲ್ಲ ಅನ್ನುವ ಎರರ್. ಇದು ವಿಂಡೋಸ್‌ನಲ್ಲಿ ಬರೆದು ತಂದ ಫೈಲ್‌ನ ಲಕ್ಷಣ. ವಿಂಡೋಸ್‌ನಲ್ಲಿ ಪ್ರತಿ ಸಾಲಿನ ಕೊನೆಗೆ ಒಂದು ಹೆಚ್ಚುವರಿ ಕಾಣದ ಅಕ್ಷರ ಇರುತ್ತದೆ. ನ್ಯಾನೋ ಅಂಥ ಫೈಲ್ ತೆರೆದಾಗ ಡಾಸ್ ಫಾರ್ಮ್ಯಾಟ್‌ನಿಂದ ಬದಲಿಸಿದ್ದೇನೆ ಅಂತ ಕೆಳಗೆ ಒಂದು ಸಾಲು ತೋರಿಸುತ್ತದೆ, ಆಮೇಲೆ ಆ ಅಕ್ಷರವನ್ನು ಮರೆಮಾಡಿಬಿಡುತ್ತದೆ. ಜನ ಏಮಾರುವುದು ಇಲ್ಲೇ: ಸೇವ್ ಮಾಡಿದಾಗ ಅದನ್ನು ಮತ್ತೆ ಡಾಸ್ ಫಾರ್ಮ್ಯಾಟ್‌ನಲ್ಲೇ ಬರೆಯುತ್ತದೆ. ಹಾಗಾಗಿ ಸುಮ್ನೆ ತೆರೆದು ಸೇವ್ ಮಾಡಿದರೆ ಸಮಸ್ಯೆ ಹೋಗುವುದಿಲ್ಲ. ಕಂಟ್ರೋಲ್+ಓ ಒತ್ತಿ, ಹೆಸರು ಕೇಳುತ್ತಿರುವಾಗ ಆಲ್ಟ್+ಡಿ ಒತ್ತಿ. ಡಾಸ್ ಅನ್ನುವ ಗುರುತು ಹೋಗುತ್ತದೆ. ಆಮೇಲೆ ಎಂಟರ್. ಫೈಲ್ ಯುನಿಕ್ಸ್ ಫಾರ್ಮ್ಯಾಟ್‌ಗೆ ಬಂತು, ಸ್ಕ್ರಿಪ್ಟ್ ಓಡುತ್ತದೆ.

ಇನ್ನೊಂದು ಕಾಣದ ತೊಂದರೆ ಟ್ಯಾಬ್. ಯಾಮ್ಲ್ ಫೈಲ್‌ನಲ್ಲಿ ಟ್ಯಾಬ್‌ನಿಂದ ಇಂಡೆಂಟ್ ಮಾಡುವಂತಿಲ್ಲ, ಮೇಕ್‌ಫೈಲ್‌ನಲ್ಲಿ ಟ್ಯಾಬ್ ಇರಲೇಬೇಕು. ಆಲ್ಟ್+ಪಿ ಒತ್ತಿದರೆ ಟ್ಯಾಬ್ ಮತ್ತು ಸ್ಪೇಸ್ ಬೇರೆ ಬೇರೆ ಗುರುತುಗಳಾಗಿ ಕಣ್ಣಿಗೆ ಕಾಣುತ್ತವೆ. ಟ್ಯಾಬ್ ಒತ್ತಿದಾಗ ಸ್ಪೇಸ್ ಬರುವ ಹಾಗೆ ಸೆಟ್ ಮಾಡಿಕೊಂಡಿದ್ದು, ಒಂದು ಕಡೆ ಮಾತ್ರ ನಿಜವಾದ ಟ್ಯಾಬ್ ಬೇಕಾದರೆ ಆಲ್ಟ್+ವಿ ಒತ್ತಿ ನಂತರ ಟ್ಯಾಬ್ ಒತ್ತಿ.

ಹೊರಗಿನಿಂದ ಕೋಡ್ ಪೇಸ್ಟ್ ಮಾಡಿದಾಗ ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಸರಿಯುತ್ತಾ ಹೋದರೆ ಅದು ಹಳೆಯ ವರ್ಷನ್‌ನ ಆಟೋ ಇಂಡೆಂಟ್ ಕಾಟ. ಆಲ್ಟ್+ಐ ಒತ್ತಿ ಅದನ್ನು ಆಫ್ ಮಾಡಿ, ಪೇಸ್ಟ್ ಮಾಡಿ, ಮತ್ತೆ ಆನ್ ಮಾಡಿ.

ಸೆಟ್ಟಿಂಗ್ ಫೈಲ್

ನಿಮ್ಮ ಹೋಮ್ ಫೋಲ್ಡರ್‌ನಲ್ಲಿ .ನ್ಯಾನೋಆರ್‌ಸಿ ಅನ್ನುವ ಫೈಲ್ ಮಾಡಿ. ಮೊದಲು ಚುಕ್ಕಿ, ಉಳಿದದ್ದು ಒಂದೇ ಪದ. ಒಳಗೆ ಹೀಗೆ ಬರೆಯಿರಿ, "ಸೆಟ್" ಆದ ಮೇಲೆ ಒಂದು ಸ್ಪೇಸ್, ನಂತರದ ಹೆಸರು ಜಾಗ ಬಿಡದೆ ಒಂದೇ ಪದವಾಗಿ:

ಸೆಟ್ ಲೈನ್‌ನಂಬರ್ಸ್
ಸೆಟ್ ಟ್ಯಾಬ್‌ಸೈಜ್ 4
ಸೆಟ್ ಟ್ಯಾಬ್ಸ್‌ಟುಸ್ಪೇಸಸ್
ಸೆಟ್ ಆಟೋಇಂಡೆಂಟ್
ಸೆಟ್ ಪೊಸಿಷನ್‌ಲಾಗ್
ಸೆಟ್ ಹಿಸ್ಟರಿಲಾಗ್
ಸೆಟ್ ಲಾಕಿಂಗ್
ಸೆಟ್ ಇಂಡಿಕೇಟರ್

ಮೊದಲ ನಾಲ್ಕು ಹೆಸರಿನಲ್ಲೇ ಗೊತ್ತಾಗುತ್ತವೆ. ಪೊಸಿಷನ್‌ಲಾಗ್ ಹಾಕಿದರೆ ಫೈಲ್‌ನಲ್ಲಿ ಕಳೆದ ಸಲ ಎಲ್ಲಿ ನಿಂತಿದ್ದಿರೋ ಅಲ್ಲೇ ತೆರೆಯುತ್ತದೆ. ಹಿಸ್ಟರಿಲಾಗ್ ಹುಡುಕಿದ ಪದಗಳನ್ನು ಮುಂದಿನ ಸಲಕ್ಕೂ ಉಳಿಸಿಕೊಳ್ಳುತ್ತದೆ. ಲಾಕಿಂಗ್ ಹಾಕಿದ್ದರೆ ಒಂದೇ ಫೈಲ್ ಇನ್ನೊಬ್ಬರು ಆಗಲೇ ತೆರೆದಿದ್ದಾಗ ಎಚ್ಚರಿಸುತ್ತದೆ. ಹಲವರು ಒಂದೇ ಸರ್ವರ್‌ಗೆ ಲಾಗಿನ್ ಆಗುವ ಕಡೆ ಇದು ಕಡ್ಡಾಯ ಅಂತಲೇ ನನ್ನ ಅಭಿಪ್ರಾಯ. ಕೊನೆಯದು 5.0ರಿಂದ ಇರುವ ಸ್ಕ್ರೋಲ್ ಬಾರ್. ನಿಮ್ಮ ವರ್ಷನ್‌ಗೆ ಗೊತ್ತಿಲ್ಲದ ಹೆಸರು ಇದ್ದರೆ ನ್ಯಾನೋ ದೂರು ಹೇಳುತ್ತದೆ, ಆ ಸಾಲನ್ನು ಅಳಿಸಿಬಿಡಿ.

ಇಷ್ಟೆಲ್ಲಾ ಮಾಡಿದ ಮೇಲೂ "ಸುಡೋ ನ್ಯಾನೋ" ಅಂತ (ರೂಟ್, ಅಂದರೆ ಅಡ್ಮಿನ್ ಅಧಿಕಾರದಲ್ಲಿ) ತೆರೆದಾಗ ಒಂದು ಸೆಟ್ಟಿಂಗೂ ಕಾಣದೆ ಹೋಗಬಹುದು. ಸುಡೋ ಬಳಸಿದಾಗ ಸಾಮಾನ್ಯವಾಗಿ ಓದುವುದು ರೂಟ್ ಬಳಕೆದಾರನ ಸೆಟ್ಟಿಂಗ್ ಫೈಲ್, ನಿಮ್ಮದಲ್ಲ. ಎಲ್ಲರಿಗೂ ಬೇಕಾದ್ದನ್ನು /ಇಟಿಸಿ/ನ್ಯಾನೋಆರ್‌ಸಿಯಲ್ಲಿ ಹಾಕಬಹುದು. ಇನ್ನೂ ಒಳ್ಳೆಯ ದಾರಿ "ಸುಡೋಎಡಿಟ್". ಅದು ಫೈಲ್‌ನ ಒಂದು ಪ್ರತಿ ಮಾಡಿ ನಿಮ್ಮ ಹೆಸರಲ್ಲೇ, ನಿಮ್ಮ ಸೆಟ್ಟಿಂಗ್ ಜೊತೆಗೇ ತೆರೆಯುತ್ತದೆ. ಮುಚ್ಚಿದ ಮೇಲೆ ಮೂಲ ಜಾಗಕ್ಕೆ ಬರೆಯುತ್ತದೆ. ಎಡಿಟರ್ ಪ್ರೋಗ್ರಾಂ ರೂಟ್ ಆಗಿ ಓಡುವುದೇ ಇಲ್ಲ, ಹಾಗಾಗಿ ಸುರಕ್ಷತೆಯ ದೃಷ್ಟಿಯಿಂದಲೂ ಇದೇ ಮೇಲು. ಇದು ನ್ಯಾನೋವನ್ನೇ ತೆರೆಯಬೇಕಾದರೆ ನಿಮ್ಮ ಶೆಲ್‌ನ ಸೆಟ್ಟಿಂಗ್‌ನಲ್ಲಿ ಎಡಿಟರ್ ಮತ್ತು ವಿಷುಯಲ್ ಅನ್ನುವ ಎರಡು ವೇರಿಯಬಲ್‌ಗಳಿಗೆ ನ್ಯಾನೋ ಅಂತ ಕೊಡಿ. ಈ ಎರಡರ ಹೆಸರು ಮಾತ್ರ ದೊಡ್ಡ ಅಕ್ಷರಗಳಲ್ಲಿ ಇರಬೇಕು. ಗಿಟ್, ಕ್ರಾನ್‌ಟ್ಯಾಬ್ ಎಲ್ಲವೂ ಅದನ್ನೇ ನೋಡುತ್ತವೆ.

ಸುಡೋ ಮರೆತು ತೆರೆದು, ಅರ್ಧ ಗಂಟೆ ಎಡಿಟ್ ಮಾಡಿ, ಸೇವ್ ಆಗುತ್ತಿಲ್ಲ ಅನ್ನುವ ಸ್ಥಿತಿ ಬಂದರೆ? ಕಂಟ್ರೋಲ್+ಓ ಒತ್ತಿ, ಹೆಸರನ್ನು ಹೋಮ್ ಫೋಲ್ಡರ್‌ನ ಬೇರೆ ಯಾವುದಾದರೂ ಹೆಸರಿಗೆ ಬದಲಿಸಿ ಸೇವ್ ಮಾಡಿ. ಹೊರಗೆ ಬಂದು "ಸುಡೋ ಸಿಪಿ" ಬಳಸಿ ಮೂಲ ಜಾಗಕ್ಕೆ ಕಾಪಿ ಮಾಡಿ. ಬರೆದದ್ದು ಯಾವುದೂ ಹೋಗುವುದಿಲ್ಲ.

ಕನೆಕ್ಷನ್ ಕಡಿದರೆ

ಎಸ್‌ಎಸ್‌ಎಚ್ ಕನೆಕ್ಷನ್ ನಡುವೆ ಕಡಿದುಹೋದರೆ ನ್ಯಾನೋ ಸಾಯುವ ಮುನ್ನ, ಸೇವ್ ಆಗದೆ ಇದ್ದುದನ್ನು ಅದೇ ಹೆಸರಿನ ಕೊನೆಗೆ ".ಸೇವ್" ಸೇರಿಸಿ ಒಂದು ಫೈಲ್ ಆಗಿ ಬರೆಯುತ್ತದೆ. ಮತ್ತೆ ಲಾಗಿನ್ ಆದಾಗ ಮೊದಲು ಅದನ್ನು ಹುಡುಕಿ. ಆದರೆ ಕರೆಂಟ್ ಹೋಗಿ ಆ ಸರ್ವರ್ರೇ ಆಫ್ ಆದರೆ ಇದು ಸಿಗುವುದಿಲ್ಲ, ವಿಮ್ ಹಾಗೆ ಬರೆಯುತ್ತಿರುವಾಗಲೇ ಒಂದು ಕಡೆ ಉಳಿಸುತ್ತಾ ಹೋಗುವ ಏರ್ಪಾಡು ನ್ಯಾನೋದಲ್ಲಿ ಇಲ್ಲ. ಆಗಾಗ ಕಂಟ್ರೋಲ್+ಎಸ್ ಒತ್ತುತ್ತಿರಿ, ಈಚಿನ ವರ್ಷನ್‌ಗಳಲ್ಲಿ ಹೆಸರು ಕೇಳದೆ ನೇರ ಸೇವ್ ಆಗುತ್ತದೆ. ಉದ್ದದ ಕೆಲಸವಾದರೆ ಟೀಮಕ್ಸ್ ಒಳಗೆ ತೆರೆಯಿರಿ, ಕನೆಕ್ಷನ್ ಹೋದರೂ ನ್ಯಾನೋ ಹಾಗೇ ತೆರೆದಿರುತ್ತದೆ.

ಸ್ವಲ್ಪ ಹೊತ್ತು ಶೆಲ್‌ಗೆ ಹೋಗಿ ಬರಬೇಕಾದರೆ ಕಂಟ್ರೋಲ್+ಟಿ, ನಂತರ ಕಂಟ್ರೋಲ್+ಝಡ್. ವಾಪಸ್ ಬರಲು "ಎಫ್‌ಜಿ". ನ್ಯಾನೋ ಏಕಾಏಕಿ ಮಾಯವಾಗಿ ಶೆಲ್ ಕಂಡರೆ ಮೊದಲು ಎಫ್‌ಜಿ ಕೊಟ್ಟು ನೋಡಿ.

ಈ ಕೀಗಳು ಹಿಡಿಸದಿದ್ದರೆ

ಕಂಟ್ರೋಲ್+ಸಿ ಕಾಪಿ, ಕಂಟ್ರೋಲ್+ವಿ ಪೇಸ್ಟ್ ಅಂತ ಬೆರಳು ಒಗ್ಗಿದವರಿಗೆ ನ್ಯಾನೋದ ಕೀಗಳು ಕಿರಿಕಿರಿ. 8.0ರಿಂದ "ನ್ಯಾನೋ -/" ಅಂತ ತೆರೆದರೆ ಕಂಟ್ರೋಲ್+ಎಕ್ಸ್ ಕಟ್, ಸಿ ಕಾಪಿ, ವಿ ಪೇಸ್ಟ್, ಝಡ್ ಅಂಡೂ, ಕ್ಯೂ ಹೊರಗೆ ಹೋಗಲು, ಹೀಗೆ ಎಲ್ಲ ಕಡೆ ಇರುವಂಥ ಕೀಗಳು ಬರುತ್ತವೆ. ದಿನಾ ಬೇಕಾದರೆ ಅದಕ್ಕೊಂದು ಏಲಿಯಸ್ ಮಾಡಿಕೊಳ್ಳಿ. ನನ್ನ ಸಲಹೆ ಮಾತ್ರ ಬೇರೆ: ಹಲವು ಸರ್ವರ್‌ಗಳಲ್ಲಿ ಓಡಾಡುವವರು ಹಳೆಯ ಕೀಗಳನ್ನೇ ಕಲಿಯಿರಿ. ಎಲ್ಲ ಕಡೆ 8.0 ಇರುವುದಿಲ್ಲ, ಒಂದು ಕಡೆ ಕಂಟ್ರೋಲ್+ಎಕ್ಸ್ ಕಟ್ ಮಾಡಿ ಇನ್ನೊಂದು ಕಡೆ ಅದೇ ಕೀ ಫೈಲನ್ನೇ ಮುಚ್ಚುತ್ತಿದ್ದರೆ ಕೈ ಗೊಂದಲಕ್ಕೆ ಬೀಳುತ್ತದೆ. ಒಂದೆರಡು ಕೀ ಮಾತ್ರ ಬದಲಿಸಬೇಕಿದ್ದರೆ ಸೆಟ್ಟಿಂಗ್ ಫೈಲ್‌ನಲ್ಲಿ "ಬೈಂಡ್" ಸಾಲು ಬರೆದು ಮಾಡಬಹುದು.

ಯಾವ ಕೀ ಮರೆತರೂ ಕಂಟ್ರೋಲ್+ಜಿ ಒತ್ತಿ. ನಿಮ್ಮ ವರ್ಷನ್‌ನಲ್ಲಿ ಈಗ ಯಾವ ಕೀ ಏನು ಮಾಡುತ್ತದೆ ಅನ್ನುವ ಪೂರ್ತಿ ಪಟ್ಟಿ ಅಲ್ಲೇ ಇದೆ, ಅದರೊಳಗೂ ಕಂಟ್ರೋಲ್+ಡಬ್ಲ್ಯೂ ಒತ್ತಿ ಹುಡುಕಬಹುದು. ಹುಡುಕುವ ಸಾಲಿನಲ್ಲಿ, ಸೇವ್ ಮಾಡುವ ಸಾಲಿನಲ್ಲಿ ಇರುವಾಗ ಕಂಟ್ರೋಲ್+ಜಿ ಒತ್ತಿದರೆ ಆ ಜಾಗಕ್ಕೆ ಸಂಬಂಧಿಸಿದ ಸಹಾಯ ಮಾತ್ರ ಬರುತ್ತದೆ.

ಇನ್ನು ಸಣ್ಣ ಕಂಟೇನರ್‌ಗಳಲ್ಲಿ ನ್ಯಾನೋ ಇರುವುದೇ ಇಲ್ಲ, ಬರೀ ವಿಐ ಇರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಅಲ್ಲಿ ಒಂದು ಸಾಲು ಬದಲಿಸಲು ಎಡಿಟರ್ ಇನ್‌ಸ್ಟಾಲ್ ಮಾಡುವ ಬದಲು "ಡಾಕರ್ ಸಿಪಿ" ಬಳಸಿ ಫೈಲ್ ಹೊರಗೆ ತಂದು, ನಿಮ್ಮ ನ್ಯಾನೋದಲ್ಲಿ ಬದಲಿಸಿ, ಅದೇ ಕಮಾಂಡ್‌ನಿಂದ ವಾಪಸ್ ಒಳಗೆ ಹಾಕಿ.